ಪೆನ್‌ಡ್ರೈವ್‌ನೊಳಗಿನ ಅವ್ವ

ಕಳೆದ ವರ್ಷ ದಸರಾ ರಜೆ ಮುಗಿದ ಮೇಲಿನ ಮಾತು. ಶಹಾಬಾದಿನ ನಮ್ಮ ಮನೆ ಹತ್ತಿರದ ಕಾಲೇಜಿನಲ್ಲಿ ಗೃಹಿಣಿಯರಿಗೆಂದು ಮಧ್ಯಾಹ್ನ ಕಂಪ್ಯೂಟರ್ ತರಗತಿ ನಡೆಯುತ್ತಿತ್ತು. ಕಾನ್ವೆಂಟಿನಲ್ಲಿ ಓದಿದವಳಾದರೂ ಮೌಸ್ ಹಿಡಿಯುವುದು ನನಗೆ ಹೊಸದು.

ಆ ದಿನ ಪೆನ್‌ಡ್ರೈವ್ ಒಯ್ದಿದ್ದೆ. ಅದರಲ್ಲಿ ತೀರಿಹೋದ ಅವ್ವನ ದನಿ ಇತ್ತು. ರೊಟ್ಟಿ ಬಡಿಯುವುದನ್ನು ಹೇಳಿಕೊಡುವಾಗ ಮೊಬೈಲಿನಲ್ಲಿ ಹಿಡಿದದ್ದು. ಆ ಮೊಬೈಲ್ ಕೆಟ್ಟಿತ್ತು, ಉಳಿದದ್ದು ಇದೊಂದೇ. ಇನ್ನೊಂದು ಪ್ರತಿ ಮಾಡುವುದನ್ನು ಕಲಿಯಬೇಕೆಂದೇ ತಂದಿದ್ದೆ.

ಚುಚ್ಚಿ ತೆರೆದರೆ ಅವ್ವನ ಹೆಸರಿನ ಫೋಲ್ಡರ್ ಇಲ್ಲ. ಬಾಗಿದ ಬಾಣದ ಗುರುತಿನ ಒಂದು ಶಾರ್ಟ್‌ಕಟ್ ಮಾತ್ರ. ಅದನ್ನು ಒತ್ತಿದೆ, ಪರದೆ ಮಿಣುಕಿತು. ಅಕ್ಕಪಕ್ಕದವರ ಪರದೆಗಳಲ್ಲೂ ಅದೇ ಬಾಣಗಳು!

“ಯಾರೂ ಏನೂ ಒತ್ತಬ್ಯಾಡ್ರಿ!” ಪಾಠ ಹೇಳುವ ಶಬಾನಾ ಮೇಡಂ ಓಡಿಹೋಗಿ ಗೋಡೆಯ ನೀಲಿ ವಾಯರುಗಳನ್ನು ಕಿತ್ತರು. ಆಫೀಸಿಗೆ ಫೋನ್ ಮಾಡಿ ಕೇಳಿಕೊಂಡು ಬಂದು ಹೇಳಿದರು: “ಇಡೀ ಕಾಲೇಜಿನ ನೆಟ್‌ವರ್ಕಿಗೆ ವೈರಸ್ ಹೊಕ್ಕದ. ಎಲ್ಲಾರ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ ಅಳಸ್ರಿ ಅಂತ ಆಫೀಸಿಂದ ಹೇಳ್ಯಾರ.”

“ಬಾಗಲಿಗಿ ಲಿಂಬಿಹಣ್ಣು ಕಟ್ಟೀರಲ್ರೀ, ಆದ್ರೂ ಒಳಗ ಬಂತೇನು?” ಎಂದಳು ಗೆಳತಿ ಮಹಾದೇವಿ.

“ಬಾಗಲದಾಗಿಂದ ಬಂದಿದ್ರ ತಡೀತಿತ್ತವ್ವಾ! ಇದು ನಿಮ್ಮ ಪರ್ಸಿನಾಗ ಕುಂತು ಬಂದದ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. “ಅಳಸಿದ್ರ ನಮ್ಮವ್ವ ಹೋಗ್ತಾಳ್ರಿ,” ಎಂದೆ.

ವಿಷಯ ತಿಳಿದ ಮೇಡಂ ವಾಯರಿಲ್ಲದ ಒಂಟಿ ಕಂಪ್ಯೂಟರಿನ ಮುಂದೆ ಕುಳಿತರು. “ನೋಡ್ರಿ ಅಕ್ಕಾ, ಖಾಲಿ ಕಾಣಸ್ತದ ಖರೆ, ಆದ್ರ ಜಾಗಾ ತುಂಬೇದ. ಈ ವೈರಸ್ ಅಳಸಿಲ್ಲ, ಮುಚ್ಚಿಟ್ಟದ.”

ಮೊದಲು ವೈರಸ್ ತೆಗೆದರು. ಆಮೇಲೆ ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು ಒಂದೇ ಒಂದು ಸಾಲು ಆದೇಶ ಟೈಪ್ ಮಾಡಿದರು. ಅವರ ಬೆರಳಲ್ಲಿ ಮೆಹಂದಿ ಮಾಸಿದ್ದು ಇನ್ನೂ ನೆನಪಿದೆ. ಹಳದಿ ಫೋಲ್ಡರ್ ಕಾಣಿಸಿತು, ಅವ್ವನ ಹೆಸರಿನೊಂದಿಗೆ.

ಸ್ಪೀಕರಿನಲ್ಲಿ ಮೊದಲು ಬಂದದ್ದು ತವರಿನ ಓಣಿಯ ಕಲ್ಲು ಪಾಲಿಶ್ ಮಷಿನ್ನಿನ ಗರ್ರೆಂಬ ಸದ್ದು. ಹಿಂದೆಯೇ ಬಳೆಗಳು. ಆಮೇಲೆ ಅವ್ವ.

“ನೀರು ಭಾಳ ಕಾಯಬೇಕು. ಕೈ ಸುಡ್ತದ ಅಂತ ನಡುವ ಬಿಡಬ್ಯಾಡ. ಕೇಳಾಕತ್ತಿಯೋ ಇಲ್ಲೋ?”

“ಕೇಳಾಕತ್ತೀನವ್ವಾ,” ಎಂದುಬಿಟ್ಟೆ, ಎಲ್ಲರೆದುರು.

ಯಾರೂ ನಗಲಿಲ್ಲ. ಮಹಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದೇ ಪ್ರತಿ ಮಾಡುವುದನ್ನೂ ಕಲಿತೆ. ಆದರೆ ಬೆರಗು ಇಳಿದಿಲ್ಲ. ಖಾಲಿ ಎಂದು ತೋರಿಸುತ್ತಿದ್ದ ಆ ಪುಟ್ಟ ಕಡ್ಡಿಯೊಳಗೆ ಅವ್ವ, ಅವಳ ಬಳೆ, ನಾವೆಲ್ಲ ಬೈಯುತ್ತಿದ್ದ ಆ ಮಷಿನ್ನಿನ ಸದ್ದು ಅಷ್ಟೂ ಹೊತ್ತು ಇದ್ದವಲ್ಲ! ಈಗ ರೊಟ್ಟಿಗೆ ನೀರು ಕಾಯಲಿಟ್ಟಾಗೆಲ್ಲ, ಕೈ ಸುಟ್ಟರೂ ನಡುವೆ ಬಿಡುವುದಿಲ್ಲ.