ಹುಲಿಹೈದರದ ಗುಡ್ಡದ ಮೇಲಿನ ಕಪ್ಪು ಕಲೆ

ಕಣ್ಣಾರೆ ಕಂಡದ್ದನ್ನೂ ಮತ್ತೊಮ್ಮೆ ಪರೀಕ್ಷಿಸದೆ ಒಪ್ಪುವವನು ನಾನಲ್ಲ. ಬಹುಕಾಲ ಶಾಲೆಯಲ್ಲಿ ಪಾಠ ಹೇಳಿದವನು, ದೆವ್ವ ಕಂಡೆವೆಂದು ಬಂದ ಮಕ್ಕಳನ್ನು "ಸಾಕ್ಷಿ ಎಲ್ಲಿದೆ?" ಎಂದು ಕೇಳಿ ಸುಮ್ಮನಾಗಿಸಿದವನು. ಇಂದು ಓದುಗರು ಅದೇ ಪ್ರಶ್ನೆಯನ್ನು ನನಗೆ ಕೇಳಿದರೆ ನಾನು ಬೇಸರಪಡುವಂತಿಲ್ಲ.

ಶಾಲೆ ಬಿಟ್ಟ ಬಳಿಕ ಕೊಪ್ಪಳದಲ್ಲಿ ನಾನು ಕೈಗೊಂಡ ಕೆಲಸವೆಂದರೆ, ಉಪಗ್ರಹ ಚಿತ್ರಗಳನ್ನು ನೋಡಿ ಬೆಂಕಿಗೆ ಆಹುತಿಯಾದ ಗುಡ್ಡಗಾಡಿನ ನಕ್ಷೆ ತಯಾರಿಸುವುದು. ಚಿತ್ರದಲ್ಲಿ ಸುಟ್ಟ ನೆಲ ಕಪ್ಪು ಕಲೆಯಾಗಿ ಕಾಣುತ್ತದೆ. ಅದರ ಅಂಚಿಗೆ ಗೆರೆ ಎಳೆದು, ಆ ಗೆರೆಯನ್ನು ಫೋನಿಗೆ ಇಳಿಸಿಕೊಂಡು ಸ್ಥಳಕ್ಕೆ ಹೋಗಿ, ಬೂದಿಯನ್ನು ಮುಟ್ಟಿ ನೋಡಿದ ಮೇಲೆಯೇ ನಕ್ಷೆಯನ್ನು ಖಚಿತಪಡಿಸಬೇಕು.

ಕೆಲವು ವರ್ಷಗಳ ಹಿಂದೆ, ಬೇಸಿಗೆಯಲ್ಲಿ, ಹುಲಿಹೈದರದ ಬಳಿಯ ಗುಡ್ಡದ ಮೇಲೆ ಅಂಥದೊಂದು ಕಲೆ ಕಂಡಿತು. ಅದರ ನಡುವೆ, ಹಾಸುಬಂಡೆಯ ಪಕ್ಕದಲ್ಲಿ, ಸುಡದೆ ಉಳಿದ ಸಣ್ಣ ಜಾಗವೊಂದಿತ್ತು. ಗೆರೆ ಎಳೆದುಕೊಂಡು, ಅರಣ್ಯ ಇಲಾಖೆಯ ಕಾವಲುಗಾರ ಬಸಣ್ಣನೊಡನೆ ಗುಡ್ಡ ಹತ್ತಿದೆ. ಬೂದಿಯ ಸುಳಿವೇ ಇರಲಿಲ್ಲ. ಒಣಹುಲ್ಲು ಮೊಣಕಾಲೆತ್ತರಕ್ಕೆ ನಿಂತಿತ್ತು.

"ನಿಮ್ಮ ಸ್ಯಾಟಲೈಟಿಗೂ ಬಿಸಲು ಬಡದೈತ್ರಿ ಸರ, ಒಂದೀಟು ಮಜ್ಜಿಗಿ ಕುಡಸ್ರಿ" ಎಂದು ಬಸಣ್ಣ ನಕ್ಕ.

ಅಲ್ಲಿ ಕುರಿ ಕಾಯುವ ದುರುಗವ್ವನ ದೊಡ್ಡಿಯಿತ್ತು. ಕುರಿಗಳನ್ನು ಮೇಯಲು ಹೊಡೆದುಕೊಂಡು ಹೋಗುವಾಗ ಎಳೆಯ ಮರಿಗಳನ್ನು ಮುಳ್ಳುಬೇಲಿಯೊಳಗೆ ಕೂಡಿಹಾಕಿ ಹೋಗುವುದು ಇಲ್ಲಿನ ರೂಢಿ. ಅವಳು ಫೋನಿನೊಳಗೆ ಇಣುಕಿ ಕೇಳಿದಳು: "ನಮ್ಮ ದೊಡ್ಡಿ ಇದರಾಗ ಎಲ್ಲಿ ಬರ್ತೈತ್ರಿ?"

ಕಪ್ಪಿನಲ್ಲಿ ಎಂದೆ; ಹಾಸುಬಂಡೆಯ ಪಕ್ಕದ ಜಾಗ ಮಾತ್ರ ಸುಡದೆ ಉಳಿದಂತಿದೆ ಎಂದು ತೋರಿಸಿದೆ.

"ಅದು ತಪ್ಪು ಚಿತ್ರ, ಬಿಡ ಬೇ" ಎಂದ ಬಸಣ್ಣ.

"ನೀ ನಗಬ್ಯಾಡೋ. ಸುಟ್ಟ ಮ್ಯಾಲ ನೀ ಬಂದು ಮರಿ ಈಯ್ತೀಯೇನು?" ಎಂದವಳೇ, ಸಂಜೆಯೊಳಗೆ ದೊಡ್ಡಿಯನ್ನು ಕಿತ್ತು ಹಾಸುಬಂಡೆಯ ಪಕ್ಕಕ್ಕೆ ಸಾಗಿಸಿದಳು. ನಾನು ಕಚೇರಿಗೆ ಮರಳಿ, ಚಿತ್ರದ ದೋಷವೆಂದು ಬರೆದೆ.

ಆ ವಾರ ಕಳೆಯುವುದರೊಳಗೆ, ನಡುಮಧ್ಯಾಹ್ನ, ಗುಡ್ಡ ಹೊತ್ತಿ ಉರಿಯಿತು. ಬೆಂಕಿ ಯಾರು ಹಚ್ಚಿದರೋ ತಿಳಿಯಲಿಲ್ಲ. ಕುರಿಗಳು ದೂರದಲ್ಲಿದ್ದವು, ಮರಿಗಳು ಹಾಸುಬಂಡೆಯ ಪಕ್ಕದ ಬೇಲಿಯೊಳಗಿದ್ದವು. ನಾವು ಹೋದಾಗ ಅವು ಹೊಗೆಗೆ ಕೆಮ್ಮುತ್ತ, ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು. ಒಂದೂ ಸತ್ತಿರಲಿಲ್ಲ. ದೊಡ್ಡಿ ಮೊದಲಿದ್ದ ಜಾಗದಲ್ಲಿ ಕೀಳದೆ ಬಿಟ್ಟಿದ್ದ ಬೇಲಿಯ ಗೂಟಗಳು ಇನ್ನೂ ಕೆಂಡವಾಗಿದ್ದವು.

ಫೋನಿನಲ್ಲಿ ಹಳೆಯ ಗೆರೆಯನ್ನು ತೆರೆದು, ಅದರ ಗುಂಟ ನಡೆದೆ. ಗುಡ್ಡವನ್ನು ಸುತ್ತಿ ಬರುವವರೆಗೂ ನನ್ನ ಒಂದು ಕಾಲು ಬೂದಿಯಲ್ಲಿತ್ತು, ಇನ್ನೊಂದು ಹುಲ್ಲಿನ ಮೇಲಿತ್ತು. ಬಸಣ್ಣ ಹಿಂದೆ ಬರುತ್ತ, ಆಗಾಗ ಬಾಗಿ ಬೂದಿಯನ್ನು ಮುಟ್ಟಿ ನೋಡುತ್ತಿದ್ದ.

ಕಚೇರಿಯಲ್ಲಿ ಆ ಹಳೆಯ ಚಿತ್ರವನ್ನು ಮತ್ತೆ ತೆರೆದೆ. ಅದೇ ಚಿತ್ರ, ಅದೇ ದಿನಾಂಕ. ಗುಡ್ಡ ತುಂಬ ಒಣಹುಲ್ಲು. ನಾನು ಎಳೆದ ಗೆರೆ ಹಾಗೆಯೇ ಇತ್ತು. ಗೆರೆ ಎಳೆಯಲು ಕಾರಣವಾದ ಕಲೆ ಇರಲಿಲ್ಲ. ಮೋಡದ ನೆರಳೇ, ಕಣ್ಣಿನ ದೋಷವೇ, ಬೇರೆ ಚಿತ್ರವೇ ಎಂದು ಎಲ್ಲವನ್ನೂ ಪರಿಶೀಲಿಸಿದೆ. ಯಾವ ಕಾರಣವೂ ನಿಲ್ಲಲಿಲ್ಲ.

ಈಗಲೂ ಪ್ರತಿ ಬೇಸಿಗೆಯಲ್ಲಿ, ದೊಡ್ಡಿ ಹೂಡುವ ಮುನ್ನ, ದುರುಗವ್ವ ಫೋನು ಮಾಡುತ್ತಾಳೆ: "ಸರ, ಚಿತ್ರದಾಗ ನಮ್ಮ ಗುಡ್ಡ ಹ್ಯಾಂಗೈತ್ರಿ?"

ನಾನು ಚಿತ್ರ ತೆರೆಯುತ್ತೇನೆ. ಕಲೆಯಿರುವುದಿಲ್ಲ. "ಏನೂ ಇಲ್ಲವ್ವ" ಎನ್ನುತ್ತೇನೆ.

"ಹಂಗಾರ ದೊಡ್ಡ್ಯಾಗ ಮರಿ ಬಿಡ್ತೀನ್ರಿ" ಎಂದು ಅವಳು ನಿಶ್ಚಿಂತೆಯಿಂದ ಫೋನು ಇಡುತ್ತಾಳೆ. ನಾನು ಮಾತ್ರ ಆ ಚಿತ್ರವನ್ನು ಮುಚ್ಚಲು ಹೆದರಿ, ಮಳೆಗಾಲ ಬರುವವರೆಗೂ ದಿನಾಲೂ ನೋಡುತ್ತ ಕೂರುತ್ತೇನೆ.