ಗೋಡಂಬಿ ಎಣ್ಣೆ ಸುಟ್ಟ ಕೈ

ಇವತ್ತು ಪೇಟೆಯಲ್ಲಿ ಯಾರೋ ಸಿಪ್ಪೆ ಸಹಿತ ಗೋಡಂಬಿಯ ಚೀಲ ಬಿಚ್ಚಿದರು. ಆ ಘಾಟಿಗೆ ಅವ್ವನ ಕೈ ನೆನಪಾಯಿತು.

ಖಾನಾಪುರದ ಕಾರ್ಖಾನೆಯಲ್ಲಿ ಅವ್ವ ಗೋಡಂಬಿ ಸುಲಿಯುತ್ತಿದ್ದಳು. ಸಿಪ್ಪೆಯ ಎಣ್ಣೆ ತಾಗಿ ಬೆರಳ ಚರ್ಮ ಕಪ್ಪಾಗಿ, ಪದರು ಪದರಾಗಿ ಏಳುತ್ತಿತ್ತು. ಒಮ್ಮೆ ಗಣಿತದ ಪರೀಕ್ಷೆ ತಪ್ಪಿಸಲು ನಾನೇ ಆ ಎಣ್ಣೆಯನ್ನು ಮುಂಗೈಗೆ ಹಚ್ಚಿಕೊಂಡೆ. ಗುಳ್ಳೆಗಳು ಎದ್ದವು. ಕಜ್ಜಿ ಎಂದೆ, ಟೀಚರ್ ಹೆದರಿ ಮನೆಗೆ ಕಳಿಸಿದರು.

ಅವ್ವನಿಗೆ ಒಂದೇ ನೋಟ ಸಾಕಾಯಿತು.

"ಶಾಣ್ಯಾಕಿ, ಇದು ಕಾಜೂ ಎಣ್ಣಿ. ನನಗ ಕಲಿಸಾಕ ಬಂದಿ?"

ಹೊಡೆಯಲಿಲ್ಲ. ಕೊಬ್ಬರಿ ಎಣ್ಣೆ ಸವರುತ್ತ, "ಹೊಸಾ ತೊಗಲ ಬರತೈತಿ, ಬಿಡು" ಎಂದಳು.

"ನಿನಗ್ಯಾಕ ಬರೂದಿಲ್ಲವ್ವಾ?"

"ಬರತೈತಿ. ಅಷ್ಟರಾಗ ಮತ್ತ ಕೆಲಸಕ್ಕ ಹೋಗಿರತೀನಿ."

ಮುಂದೆ ನಾನು ಶಾಲೆ ಬಿಟ್ಟೆ. ಬಿಡುವಾಗ ಅವಳಿಗೆ ಸುಳ್ಳು ಕಾರಣ ಹೇಳಲಿಲ್ಲ; ಗಣಿತ ತಲೆಗೆ ಹತ್ತುವುದಿಲ್ಲ ಎಂದೇ ಹೇಳಿದೆ.

ಈಗ ನನ್ನ ಕೈ ನುಣುಪಾಗಿದೆ. ಅವ್ವ ಈ ಬೆಳಿಗ್ಗೆಯೂ ಸುಲಿಯಲು ಹೋಗಿದ್ದಾಳೆ.