ಅತ್ತಿಗೆ ನೆಟ್ಟ ಜೊಂಡು

ಅಣ್ಣನನ್ನು ಮದುವೆಯಾಗಿ ಅತ್ತಿಗೆ ಮರ್ಕಂಜದಿಂದ ನರಿಮೊಗರಿನ ನಮ್ಮ ಮನೆಗೆ ಬಂದಾಗ ಎಪ್ಪತ್ತರ ದಶಕದ ನಡುಗಾಲ. ನನಗೆ ಹದಿಮೂರು. ಅಮ್ಮ ನಾನು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದರು; ಮನೆಯಲ್ಲಿ ಅಪ್ಪ, ಅಣ್ಣ, ನಾನು ಮೂವರೇ. ಹತ್ತಿರ ಕೂರಿಸಿಕೊಂಡು ನನ್ನ ತಲೆ ಬಾಚಿದವರು ಅತ್ತಿಗೆಯೇ.

ಮನೆಯ ಕೆಳಗೆ ಒಂದು ನೀರಿನ ಗುಂಡಿ ಇತ್ತು. ಅಡಕೆಗೆ ಹೊಡೆಯುವ ಮೈಲುತುತ್ತಿನ ಮದ್ದನ್ನು ಅದರ ಪಕ್ಕದಲ್ಲೇ ಕಲಸಿ, ಪಾತ್ರೆಗಳನ್ನು ಅಲ್ಲೇ ತೊಳೆಯುತ್ತಿದ್ದರು. ದಡದ ಮಣ್ಣು ನೀಲಿಗಟ್ಟಿ ಹುಲ್ಲೂ ಹುಟ್ಟುತ್ತಿರಲಿಲ್ಲ. ನೀರಿನಲ್ಲಿ ಒಂದು ಗೊದಮೊಟ್ಟೆಯೂ ಇರಲಿಲ್ಲ. ಅದನ್ನು ಗಮನಿಸಿದವರು ಅತ್ತಿಗೆ. ಅದೇ ನೀರು ಕೆಳಗೆ ಹರಿದು ಜೊಂಡಿನ ನಡುವೆ ಹಾದುಹೋದ ಮೇಲೆ ಮೀನುಮರಿಗಳು ಓಡಾಡುವುದನ್ನೂ ಅವರೇ ತೋರಿಸಿದರು.

“ಈ ಜೊಂಡು ವಿಷವನ್ನು ಹಿಡಿದಿಟ್ಟುಕೊಳ್ತದೆ ಅಂತ ಕಾಣ್ತದೆ. ಮೇಲೆಯೂ ನೆಟ್ಟು ನೋಡುವ,” ಎಂದರು.

ಅವರ ಮಾತು ಕೇಳಿ ಅಣ್ಣ ಮದ್ದು ಕಲಸಲು ಬೇರೆ ಕಡೆ ಸಿಮೆಂಟಿನ ತೊಟ್ಟಿ ಕಟ್ಟಿಸಿದ. ಅತ್ತಿಗೆ, ನಾನು ಇಬ್ಬರೂ ಮೊಣಕಾಲಿನವರೆಗೆ ಕೆಸರಿಗಿಳಿದು ಜೊಂಡಿನ ಬುಡ ಕಿತ್ತು ತಂದು ಗುಂಡಿಯಲ್ಲಿ ನೆಟ್ಟೆವು, ದಡಕ್ಕೆ ಲಾವಂಚ. ಮೊದಲ ವರ್ಷ ಅರ್ಧಕ್ಕರ್ಧ ಸತ್ತಿತು. ಮತ್ತೆ ನೆಟ್ಟೆವು. ವಿಷ ಹೀರಿ ಬೆಳೆದದ್ದನ್ನು ಕೊಯ್ದು, ದನಗಳ ಬಾಯಿಗೆ ಸಿಗದ ಹಾಗೆ ದೂರ ಒಯ್ದು ಹೂಳುತ್ತಿದ್ದೆವು. ಕೊಯ್ಯುತ್ತಾ ಅವರು ತಮ್ಮ ತವರಿನ ಅರೆಭಾಷೆಯಲ್ಲಿ ಏನೋ ಹೇಳುತ್ತಿದ್ದರು. ನಾನು ತುಳುವಿನಲ್ಲಿ ತಪ್ಪು ಅರ್ಥ ಹೇಳಿ ನಗಿಸುತ್ತಿದ್ದೆ.

ಮೂರನೆಯ ವರ್ಷ ಅಣ್ಣ ಜ್ವರದಲ್ಲಿ ತೀರಿಕೊಂಡ. ಕೆಲವು ವಾರಗಳಲ್ಲಿ ಅತ್ತಿಗೆಯ ತಂದೆ ಬಂದು ಮಗಳನ್ನು ಕರೆದುಕೊಂಡು ಹೋದರು. ಕೊಯ್ಯುವುದನ್ನು ನಿಲ್ಲಿಸಬೇಡ ಎಂದಷ್ಟೇ ನನಗೆ ಹೇಳಿ ಅತ್ತಿಗೆ ಹೊರಟರು. ನನ್ನನ್ನು ಬಿಟ್ಟುಹೋದರೆಂಬ ಸಿಟ್ಟಿನಿಂದ ಒಂದು ವರ್ಷ ನಾನು ಗುಂಡಿಯ ಕಡೆ ಸುಳಿಯಲಿಲ್ಲ. ಆಮೇಲೆ ಮನಸ್ಸು ತಡೆಯದೆ ಕತ್ತಿ ಹಿಡಿದು ಇಳಿದೆ.

ಗೊದಮೊಟ್ಟೆಗಳು ಕಂಡದ್ದು ಎಂಬತ್ತರ ದಶಕದ ಶುರುವಿನಲ್ಲಿ. ಮರುದಿನವೇ ಸುಳ್ಯದ ಬಸ್ಸು ಹತ್ತಿ ಮರ್ಕಂಜಕ್ಕೆ ಹೋದೆ. ಅತ್ತಿಗೆಗೆ ಮತ್ತೆ ಮದುವೆಯಾಗಿತ್ತು. ಬಾಣಂತನಕ್ಕೆ ತವರಿಗೆ ಬಂದಿದ್ದರು, ಮಡಿಲಲ್ಲಿ ಮಗು. ಸುದ್ದಿ ಕೇಳಿ ಅವರ ಕಣ್ಣು ತುಂಬಿತು. ಒಮ್ಮೆ ಬಂದು ನೋಡಿ ಎಂದು ಬೇಡಿಕೊಂಡೆ.

“ಆ ಮನೆಗೆ ನಾನಿನ್ನು ಹೇಗೆ ಬರುದು? ನೀನು ನೋಡಿದ್ದಿಯಲ್ಲ, ಸಾಕು.”

ಊಟ ಬಡಿಸಿದರು. ಹೊರಡುವಾಗ ಮಗುವನ್ನು ನನ್ನ ಕೈಗಿತ್ತು, ಸಡಿಲಾಗಿದ್ದ ನನ್ನ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದರು.

ಅವರು ಬರಲೇ ಇಲ್ಲ. ಮದುವೆಯಾಗಿ ಕಡಬಕ್ಕೆ ಹೋಗುವ ತನಕ ನಾನೊಬ್ಬಳೇ ಆ ಜೊಂಡು ಕೊಯ್ದೆ. ಗುಂಡಿಯಲ್ಲಿ ಮೀನು ತುಂಬಿತ್ತು. ತೋರಿಸಲು ಪಕ್ಕದಲ್ಲಿ ಅವರಿರಲಿಲ್ಲ.